ಪಂಢರಿಯ ದರ್ಜಿ, ಪಂಜಾಬಿನ ಭಗತ: ಸಂತ ನಾಮದೇವ

ಪಂಢರಪುರದ ವಿಠಲ ಮಂದಿರದ ಮಹಾದ್ವಾರದಲ್ಲಿ ಒಂದು ಮೆಟ್ಟಿಲಿದೆ. ಭಕ್ತರು ಅದರ ಮೇಲೆ ಕಾಲಿಡುವುದಿಲ್ಲ. ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡು, ದಾಟಿ ಒಳಗೆ ಹೋಗುತ್ತಾರೆ. ಅದು ನಾಮದೇವರ ಪಾಯರಿ, ಅಂದರೆ ಮೆಟ್ಟಿಲು. ಅಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಪಂಜಾಬಿನ ಗುರುದಾಸಪುರ ಜಿಲ್ಲೆಯಲ್ಲಿ ಘುಮಾನ್ ಎಂಬ ಊರಿದೆ. ಅಲ್ಲಿನ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಹೊದ್ದು, ಹಣೆ ನೆಲಕ್ಕೆ ಮುಟ್ಟಿಸಿ ಸಿಖ್ಖರು ಸ್ಮರಿಸುವುದೂ ಇದೇ ನಾಮದೇವರನ್ನು. ಅಲ್ಲಿ ಅವರು ಭಗತ ನಾಮದೇವಜಿ. ಒಬ್ಬ ದರ್ಜಿಯ ಮಗ ಎರಡು ನಾಡುಗಳಿಗೆ, ಎರಡು ಧರ್ಮಗಳಿಗೆ ಸೇರಿದವನಾದ ಬಗೆಯನ್ನು ನನಗೆ ತಿಳಿದಷ್ಟು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾಮದೇವರು ಹುಟ್ಟಿದ್ದು 1270ರಲ್ಲಿ ಎಂದು ಪರಂಪರೆ ಹೇಳುತ್ತದೆ. ಈಗಿನ ಹಿಂಗೋಲಿ ಜಿಲ್ಲೆಯ ನರಸಿ ಅವರ ಹಿರಿಯರ ಊರು. ತಂದೆ ದಾಮಾಶೇಟಿ, ತಾಯಿ ಗೋಣಾಯಿ. ಬಟ್ಟೆ ಹೊಲಿಯುವ ಶಿಂಪಿ ಮನೆತನ. ಆ ಕುಟುಂಬ ಪಂಢರಪುರಕ್ಕೆ ಬಂದು ನೆಲೆಸಿತ್ತು. ನಮ್ಮ ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯವರಿಗೆ ನಾಮದೇವ ಸಿಂಪಿ ಸಮಾಜದವರೂ ಅವರ ವಿಠಲ ಮಂದಿರಗಳೂ ಗೊತ್ತೇ ಇವೆ. ಪಂಢರಪುರವೂ ನಮಗೆ ಹೊರಗಿನ ಊರಲ್ಲ. ನಾಮದೇವರು ಹುಟ್ಟುವುದಕ್ಕೆ ಮೂರು ದಶಕಗಳ ಮುಂಚೆ, 1237ರಲ್ಲಿ, ಹೊಯ್ಸಳ ಸೋಮೇಶ್ವರ ಅಲ್ಲಿನ ದೇವರಿಗೆ ದಾನ ಕೊಟ್ಟದ್ದು ಶಾಸನದಲ್ಲಿದೆ. ಮುಂದೆ ನಮ್ಮ ದಾಸರು ತಮ್ಮ ಹೆಸರಿನ ಜೊತೆಗೆ ವಿಠಲನನ್ನು ಸೇರಿಸಿಕೊಂಡು ಹಾಡಿದ್ದೂ ಈ ದೇವರನ್ನೇ.

ಬಾಲಕ ನಾಮದೇವನ ಕಥೆಯನ್ನು ನಾನು ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ತಂದೆ ಊರಲ್ಲಿಲ್ಲದ ದಿನ ದೇವರಿಗೆ ನೈವೇದ್ಯ ಕೊಟ್ಟು ಬರಲು ತಾಯಿ ಹುಡುಗನನ್ನು ಕಳಿಸುತ್ತಾಳೆ. ಹುಡುಗ ನೈವೇದ್ಯವಿಟ್ಟು ಕಾಯುತ್ತಾನೆ. ದೇವರು ಉಣ್ಣುವುದಿಲ್ಲ. ದೇವರು ದಿನವೂ ಉಣ್ಣುತ್ತಾನೆಂದೇ ನಂಬಿದ್ದ ಮಗು, ತನ್ನಿಂದ ಏನು ತಪ್ಪಾಯಿತೋ ಎಂದು ಅಳುತ್ತದೆ, ಹಟ ಹಿಡಿಯುತ್ತದೆ, ಕಲ್ಲಿಗೆ ತಲೆ ಚಚ್ಚಿಕೊಳ್ಳಲು ಹೋಗುತ್ತದೆ. ಆಗ ವಿಠಲ ಕೈ ಚಾಚಿ ತಿನ್ನುತ್ತಾನೆ. ಬಹಳ ವರ್ಷಗಳ ಮೇಲೆ ನನಗೆ ತಿಳಿದದ್ದು, ಸಿಖ್ಖರ ಮನೆಗಳಲ್ಲೂ ಮಕ್ಕಳಿಗೆ ಈ ಕಥೆ ಹೇಳುತ್ತಾರೆಂದು. ನಾಮದೇವ ಹಸು ಕರೆದು ಹಾಲು ತಂದು ದೇವರಿಗೆ ಕುಡಿಸಿದ ಪ್ರಸಂಗ ಅವರ ಗುರು ಗ್ರಂಥ ಸಾಹಿಬ್‌ನಲ್ಲೇ ಇದೆ.

ಆದರೆ ಮನೆಯಲ್ಲಿ ಆ ಭಕ್ತಿಯನ್ನು ಸಹಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ದೊಡ್ಡವನಾದ ಮೇಲೆ ನಾಮದೇವ ಸೂಜಿ ದಾರ ಬಿಟ್ಟು ಹೊತ್ತಿಲ್ಲದ ಹೊತ್ತಿನಲ್ಲಿ ಗುಡಿಯಲ್ಲೇ ಕೂತಿರುತ್ತಿದ್ದರು. ಹೆಂಡತಿ ರಾಜಾಯಿ. ನಾರಾ, ವಿಠಾ, ಗೋಂದಾ, ಮಹಾದಾ ಎಂಬ ನಾಲ್ವರು ಗಂಡುಮಕ್ಕಳು, ಒಬ್ಬ ಮಗಳು. ಗೋಣಾಯಿ ಮತ್ತು ರಾಜಾಯಿಯರ ಹೆಸರಿನಲ್ಲಿ ಮರಾಠಿಯಲ್ಲಿ ಅಭಂಗಗಳು ಉಳಿದಿವೆ. ಅವುಗಳಲ್ಲಿ ಮನೆಯ ಬಡತನ, ಒಲೆ ಹತ್ತದ ದಿನಗಳು, ಮಗನನ್ನು ತನ್ನಿಂದ ಕಿತ್ತುಕೊಂಡ ವಿಠಲನ ಮೇಲೆ ತಾಯಿಯ ಸಿಟ್ಟು ಎಲ್ಲವೂ ಇವೆ. ಸಂತನ ಕೀರ್ತಿಯ ಬೆಲೆಯನ್ನು ಅಡುಗೆಮನೆಯಲ್ಲಿ ನಿಂತು ತೆತ್ತವರು ಇವರು. ವಾರಕರಿ ಪರಂಪರೆ ಇವರ ದೂರನ್ನು ಮುಚ್ಚಿಡಲಿಲ್ಲ, ಅದನ್ನೂ ಅಭಂಗವೆಂದೇ ಹಾಡಿತು. ಆ ಪರಂಪರೆಯ ಮೇಲೆ ನನಗೆ ಗೌರವ ಹೆಚ್ಚಿದ್ದು ಇದರಿಂದ.

ಆ ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳಿದ್ದಳು. ಚಿಕ್ಕಂದಿನಲ್ಲೇ ದಾಮಾಶೇಟಿಯ ಮನೆಗೆ ಕೆಲಸಕ್ಕೆ ಬಂದು ಸೇರಿದ ಜನಾಬಾಯಿ. ಬೀಸುವುದು, ಕುಟ್ಟುವುದು, ನೀರು ತರುವುದು, ಕಸ ಗುಡಿಸುವುದು ಅವಳ ಪಾಲಿನ ಕೆಲಸ. ಬೀಸುಕಲ್ಲಿನ ಮುಂದೆ ಕೂತು ಅವಳು ಕಟ್ಟಿದ ಅಭಂಗಗಳು ಇಂದಿಗೂ ಮಹಾರಾಷ್ಟ್ರದ ಹೆಂಗಸರ ಬಾಯಲ್ಲಿವೆ. ಅವಳ ಜೊತೆ ಕೂತು ವಿಠಲನೇ ಬೀಸಿದ ಎಂದು ಜನ ನಂಬುತ್ತಾರೆ. ಅವಳು ತನ್ನನ್ನು ನಾಮದೇವನ ದಾಸಿ ಎಂದೇ ಕರೆದುಕೊಂಡಳು. ಆದರೆ ಸಂತರ ಸಾಲಿನಲ್ಲಿ ಅವಳಿಗೆ ದಾಸಿಯ ಜಾಗ ಸಿಗಲಿಲ್ಲ, ಸಂತಳ ಜಾಗವೇ ಸಿಕ್ಕಿತು.

ನಾಮದೇವರ ಬದುಕು ತಿರುಗಿದ್ದು ಒಂದು ಅವಮಾನದಿಂದ. ಜ್ಞಾನೇಶ್ವರ, ನಿವೃತ್ತಿನಾಥ, ಸೋಪಾನ, ಮುಕ್ತಾಬಾಯಿ ಎಂಬ ನಾಲ್ವರು ಒಡಹುಟ್ಟಿದವರು ಆ ಕಾಲದ ಸಂತರಲ್ಲಿ ಮುಂದಾಳುಗಳು. ಒಮ್ಮೆ ಸಂತರೆಲ್ಲ ಸೇರಿದ್ದಾಗ, ಮಡಕೆ ಮಾಡುವ ಗೋರಾ ಕುಂಬಾರರಿಗೆ ಇಲ್ಲಿರುವ ಗಡಿಗೆಗಳಲ್ಲಿ ಯಾವುದು ಬೆಂದಿದೆ, ಯಾವುದು ಹಸಿಯಿದೆ ಎಂದು ನೋಡಲು ಹೇಳಿದವಳು ಎಲ್ಲರಿಗಿಂತ ಕಿರಿಯಳಾದ ಮುಕ್ತಾಬಾಯಿ. ಗೋರಾ ತಮ್ಮ ತಟ್ಟುವ ಹಲಗೆ ಹಿಡಿದು ಒಬ್ಬೊಬ್ಬರ ತಲೆ ತಟ್ಟುತ್ತ ಬಂದರು. ಉಳಿದವರು ಸುಮ್ಮನಿದ್ದರು. ನಾಮದೇವರಿಗೆ ಸಿಟ್ಟು ಬಂತು. ಈ ಗಡಿಗೆ ಇನ್ನೂ ಹಸಿ ಎಂದು ತೀರ್ಪಾಯಿತು. ವಿಠಲನೊಡನೆ ಮಾತಾಡುವವನು ಎಂಬ ಹೆಮ್ಮೆ ಇದ್ದ ಮನುಷ್ಯನಿಗೆ ಒಬ್ಬ ಹುಡುಗಿಯ ಮುಂದೆ ಹೀಗಾಯಿತು. ಅಳುತ್ತ ಹೋಗಿ ದೂರು ಹೇಳಿದರೆ, ಗುರುವನ್ನು ಹುಡುಕಿಕೋ ಎಂದು ವಿಠಲನೂ ಅವರ ಮಾತಿಗೇ ಸೇರಿದ.

ಹಾಗೆ ಅವರು ಔಂಢಾ ನಾಗನಾಥಕ್ಕೆ ಹೋದರು. ಅಲ್ಲಿ ವಿಸೋಬಾ ಖೇಚರ ಎಂಬ ಮುದುಕರು ಶಿವಲಿಂಗದ ಮೇಲೆ ಕಾಲಿಟ್ಟು ಮಲಗಿದ್ದರು. ಗಾಬರಿಯಾದ ನಾಮದೇವರಿಗೆ ಅವರು, ದೇವರಿಲ್ಲದ ಕಡೆ ನನ್ನ ಕಾಲನ್ನು ತೆಗೆದಿಡು ಎಂದರು. ನಾಮದೇವರು ಕಾಲನ್ನು ಎತ್ತಿ ಎಲ್ಲಿಟ್ಟರೂ ಅಲ್ಲಿ ಲಿಂಗ ಮೂಡಿತು. ಪಂಢರಿಯ ಇಟ್ಟಿಗೆಯ ಮೇಲೆ ಮಾತ್ರ ನಿಂತಿದ್ದ ದೇವರು ಅಂದಿನಿಂದ ನಾಮದೇವರಿಗೆ ಎಲ್ಲೆಲ್ಲೂ ಕಾಣತೊಡಗಿದ. ಈ ಘಟನೆಯನ್ನು ನಾನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಮೂರ್ತಿಯನ್ನು ಪೂಜಿಸುವವರಿಗೂ, ಮೂರ್ತಿಯನ್ನು ಇಡದವರಿಗೂ ನಾಮದೇವರು ಸಮಾನವಾಗಿ ಒದಗಿ ಬಂದದ್ದು ಈ ತಿರುವಿನಿಂದಲೇ. ವಿಠಲನ ಹೆಸರನ್ನು ಅವರು ಬಿಡಲಿಲ್ಲ. ಆ ಹೆಸರಿನ ಅರ್ಥ ಅವರ ಮನಸ್ಸಿನಲ್ಲಿ ದೊಡ್ಡದಾಯಿತು, ಅಷ್ಟೇ.

ಇದೇ ನಾಗನಾಥದಲ್ಲಿ ನಡೆದದ್ದೆಂದು ಹೇಳುವ ಇನ್ನೊಂದು ಕಥೆಯೂ ಇದೆ. ಗುಡಿಯ ಮುಂದೆ ಕೀರ್ತನೆ ಮಾಡುತ್ತಿದ್ದ ನಾಮದೇವರನ್ನು, ಕೀಳು ಜಾತಿಯವನೆಂದು ಪೂಜಾರಿಗಳು ಎಬ್ಬಿಸಿ ಹಿಂದಕ್ಕೆ ಕಳಿಸಿದರು. ಅವರು ಜಗಳ ಮಾಡದೆ ಗುಡಿಯ ಹಿಂಬದಿಗೆ ಹೋಗಿ ಕೂತು ಹಾಡಿದರು. ಗುಡಿಯೇ ತಿರುಗಿ ಅವರ ಕಡೆ ಮುಖ ಮಾಡಿತು. ಗುಡಿಯಿಂದ ಹೊರದೂಡಿಸಿಕೊಂಡದ್ದನ್ನೂ, ಗುಡಿ ತನ್ನತ್ತ ತಿರುಗಿದ್ದನ್ನೂ ನಾಮದೇವರು ಹೇಳಿಕೊಂಡ ಪದ ಸಿಖ್ಖರ ಗ್ರಂಥದಲ್ಲೂ ಸೇರಿದೆ. ನಮ್ಮ ಉಡುಪಿಯ ಕನಕದಾಸರ ಕಥೆ ಕೇಳಿ ಬೆಳೆದ ನಮಗೆ ಇದರ ನೋವೂ ನಲಿವೂ ಎರಡೂ ಬೇಗ ಅರ್ಥವಾಗುತ್ತವೆ.

ಜ್ಞಾನೇಶ್ವರರು ನಾಮದೇವರನ್ನು ಕರೆದುಕೊಂಡು ಉತ್ತರದ ತೀರ್ಥಯಾತ್ರೆ ಮಾಡಿದರು. ಒಬ್ಬರು ಜ್ಞಾನಿ, ಒಬ್ಬರು ಭಕ್ತ. ಮರುಭೂಮಿಯಲ್ಲಿ ಬಾಯಾರಿಕೆಯಾದಾಗ ಜ್ಞಾನೇಶ್ವರರು ಯೋಗಬಲದಿಂದ ಆಳದ ಬಾವಿಯ ನೀರು ಕುಡಿದು ಬಂದರೆ, ನಾಮದೇವರು ವಿಠಲನನ್ನು ಕೂಗಿ ಕರೆದರು, ಬಾವಿಯೇ ತುಂಬಿ ಹರಿಯಿತು ಎಂದು ಕಥೆ. ಯಾತ್ರೆಯಿಂದ ಮರಳಿದ ಮೇಲೆ, 1296ರಲ್ಲಿ, ಜ್ಞಾನೇಶ್ವರರು ಆಳಂದಿಯಲ್ಲಿ ಜೀವಂತ ಸಮಾಧಿ ಪಡೆದರು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಸ್ವಲ್ಪ ಕಾಲದಲ್ಲೇ ಸೋಪಾನ, ಮುಕ್ತಾಬಾಯಿ, ನಿವೃತ್ತಿನಾಥರೂ ಹೋದರು. ಒಂದೊಂದು ಸಾವಿಗೂ ನಾಮದೇವರು ಸಾಕ್ಷಿಯಾಗಿ ನಿಂತರು, ಜ್ಞಾನೇಶ್ವರರ ಸಮಾಧಿಯ ಪ್ರಸಂಗವನ್ನು ಅಭಂಗಗಳಲ್ಲಿ ಬರೆದಿಟ್ಟರು. ಜ್ಞಾನೇಶ್ವರರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ಗೆಳೆಯನಿಂದಲೇ ಬಂದದ್ದು.

ಗೆಳೆಯರೆಲ್ಲ ಹೋದ ಮೇಲೆ ನಾಮದೇವರು ಮತ್ತೆ ಉತ್ತರಕ್ಕೆ ನಡೆದರು. ಈ ಸಲ ಪಂಜಾಬಿನವರೆಗೆ. ಅಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದರು ಎಂದು ಹೇಳುತ್ತಾರೆ. ಕಾಡಿನಂತಿದ್ದ ಜಾಗದಲ್ಲಿ ಅವರು ನೆಲೆ ನಿಂತರು, ಸುತ್ತ ಜನ ಸೇರಿದರು, ಅದೇ ಘುಮಾನ್ ಊರಾಯಿತು. ಮರಾಠಿಯ ಮನುಷ್ಯ ಅಲ್ಲಿಯ ಜನರ ಮಾತು ಕಲಿತು, ಆ ಮಾತಿನಲ್ಲಿ ಪದ ಕಟ್ಟಿ ಹಾಡಿದರು. ಪರಭಾಷೆಯ ಊರಿಗೆ ಬಂದು, ಅಲ್ಲಿನ ಮಾತು ಕಲಿತು, ಮನೆಯ ಮಾತನ್ನೂ ಬಿಡದೆ ಬದುಕುವುದು ಎಂದರೇನೆಂದು ಪುಣೆ ಮುಂಬಯಿಯ ಕನ್ನಡತಿಯರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಪಂಜಾಬಿನಲ್ಲಿ ಉಳಿದ ಅವರ ಪದಗಳಲ್ಲೂ ಅಲ್ಲಲ್ಲಿ ಮರಾಠಿಯ ರೂಪಗಳಿವೆ ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಬಾಯಿಯ ರುಚಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲವಲ್ಲ!

ಸುಲ್ತಾನನ ಕಥೆಯನ್ನು ಎರಡೂ ನಾಡಿನವರು ಹೇಳುತ್ತಾರೆ. ಸತ್ತ ಹಸುವನ್ನು ಬದುಕಿಸು, ಇಲ್ಲವೇ ನಿನ್ನ ತಲೆ ಹೋಗುತ್ತದೆ ಎಂದು ಸುಲ್ತಾನ ನಾಮದೇವರನ್ನು ಕಟ್ಟಿಹಾಕಿದ. ಸಿಖ್ಖರ ಗ್ರಂಥದಲ್ಲಿರುವ ರೂಪದಲ್ಲಿ ತಾಯಿಯೂ ಬರುತ್ತಾಳೆ. ರಾಮನ ಹೆಸರು ಬಿಟ್ಟು ಖುದಾನ ಹೆಸರು ಹೇಳಿ ಜೀವ ಉಳಿಸಿಕೋ ಎಂದು ಅವಳು ಅತ್ತು ಬೇಡುತ್ತಾಳೆ. ಮಗ ಒಪ್ಪುವುದಿಲ್ಲ. ಹಸು ಎದ್ದು ಕರುವಿಗೆ ಹಾಲೂಡಿಸುತ್ತದೆ, ಸುಲ್ತಾನ ತಗ್ಗುತ್ತಾನೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಕಾಣುವುದು ಆ ತಾಯಿ. ಮಗನ ಜೀವದ ಮುಂದೆ ದೇವರ ಹೆಸರು ಯಾವುದಾದರೇನು ಎಂದು ಅವಳಿಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೆದರಿಕೆಗೆ ಹೆಸರು ಬದಲಿಸದ ಅದೇ ನಾಮದೇವರು, ಬೆದರಿಕೆ ಇಲ್ಲದ ಕಡೆ ಪಂಡಿತರನ್ನೂ ಮುಲ್ಲಾಗಳನ್ನೂ ಸಮನಾಗಿ ತಿದ್ದಿದರು.

ನಾಮದೇವರ ಕಾಲದಲ್ಲಿ ಸಿಖ್ ಧರ್ಮ ಇರಲಿಲ್ಲ. ಗುರು ನಾನಕರು ಹುಟ್ಟಿದ್ದು 1469ರಲ್ಲಿ, ನಾಮದೇವರಿಗಿಂತ ಸುಮಾರು 200 ವರ್ಷ ಈಚೆಗೆ. ಆದರೂ ನಾಮದೇವರ ಪದಗಳು ಪಂಜಾಬಿನ ಬಾಯಿಂದ ಬಾಯಿಗೆ ಬಂದು ಉಳಿದಿದ್ದವು. ಐದನೆಯ ಗುರು ಅರ್ಜನ ದೇವರು ಅಮೃತಸರದಲ್ಲಿ ಭಾಯಿ ಗುರುದಾಸರ ಕೈಯಲ್ಲಿ ಬರೆಸಿ, 1604ರಲ್ಲಿ ಹರಿಮಂದಿರ ಸಾಹಿಬ್‌ನಲ್ಲಿ ಸ್ಥಾಪಿಸಿದ ಆದಿ ಗ್ರಂಥದಲ್ಲಿ ಗುರುಗಳ ವಾಣಿಯ ಜೊತೆಗೆ ಹದಿನೈದು ಮಂದಿ ಭಗತರ ಪದಗಳನ್ನೂ ಸೇರಿಸಿದರು. ನೇಕಾರ ಕಬೀರ, ಚಮ್ಮಾರ ರವಿದಾಸ, ಕ್ಷೌರಿಕ ಸೇನ, ಸೂಫಿ ಶೇಖ್ ಫರೀದ್, ಬ್ರಾಹ್ಮಣ ರಮಾನಂದ ಎಲ್ಲರೂ ಆ ಪಂಕ್ತಿಯಲ್ಲಿದ್ದಾರೆ. ನಾಮದೇವರ ಪದಗಳು 61, ಹದಿನೆಂಟು ರಾಗಗಳಲ್ಲಿ. ಗಜಕೋಲು, ಕತ್ತರಿ, ಸೂಜಿ, ದಾರ ಎಂಬ ದರ್ಜಿಯ ಸಾಮಾನುಗಳೇ ಅಲ್ಲಿ ಭಕ್ತಿಯ ಉಪಮೆಗಳಾಗಿವೆ.

1708ರಲ್ಲಿ ಗುರು ಗೋವಿಂದ ಸಿಂಹರು ನಾಂದೇಡಿನಲ್ಲಿ ದೇಹ ಬಿಡುವ ಮುನ್ನ, ಇನ್ನು ಮುಂದೆ ಗ್ರಂಥವೇ ಗುರು ಎಂದು ಸಾರಿದರು. ಅಂದರೆ ಒಬ್ಬ ಸಿಖ್ ಗ್ರಂಥದ ಮುಂದೆ ತಲೆಬಾಗುವಾಗ ಪಂಢರಿಯ ದರ್ಜಿಯ ಮಾತಿಗೂ ತಲೆಬಾಗುತ್ತಾನೆ. ನಾಂದೇಡಿನಿಂದ ನಾಮದೇವರ ನರಸಿ ದೂರವಿಲ್ಲ. ಹುಜೂರ್ ಸಾಹಿಬ್‌ಗೆ ಬರುವ ಸಿಖ್ ಯಾತ್ರಿಕರು ನರಸಿಗೂ ಹೋಗಿ ಬರುತ್ತಾರೆ. ನಮ್ಮ ಬೀದರಿನ ನಾನಕ್ ಝೀರಾಕ್ಕೆ ಬರುವವರೂ ಅವರೇ. 1699ರಲ್ಲಿ ಖಾಲ್ಸಾ ಪಂಥಕ್ಕೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಪುಣೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಪಂಜಾಬಿ ಅಜ್ಜಿ ಇದ್ದರು. ಕಟ್ಟಡದವರೆಲ್ಲ ಅವರನ್ನು ಬೀಜಿ ಎಂದು ಕರೆಯುತ್ತಿದ್ದೆವು. ಬೆಳಗಿನ ಹೊತ್ತು ಅವರ ಮನೆಯಿಂದ ಶಬದ್ ಕೀರ್ತನ್ ಕೇಳಿಬರುತ್ತಿತ್ತು. ಒಂದು ದಿನ ಅದರಲ್ಲಿ ಬೀಠಲ ಎಂಬ ಹೆಸರು ನನ್ನ ಕಿವಿಗೆ ಬಿತ್ತು. ಮೆಟ್ಟಿಲು ಹತ್ತಿ ಹೋಗಿ ಕೇಳಿದೆ. ಭಗತ ನಾಮದೇವರ ಪದ ಎಂದರು. ಪಂಢರಪುರ ಇಲ್ಲಿಂದ ಎಷ್ಟು ದೂರ ಎಂದು ಅವರು ನನ್ನನ್ನು ಕೇಳಿದರು. ಘುಮಾನ್ ಎಲ್ಲಿದೆ ಎಂದು ನಾನು ಅವರನ್ನು ಕೇಳಿದೆ. ಆಷಾಢ ವಾರಿಯ ಪಾಲಕಿ ಪುಣೆಗೆ ಬಂದಾಗ ಬೀಜಿ ನನ್ನ ಜೊತೆ ರಸ್ತೆಬದಿ ನಿಂತು ವಾರಕರಿಗಳಿಗೆ ನೀರು, ಬಾಳೆಹಣ್ಣು ಹಂಚಿದರು. ವಿಠಲನ ಮೂರ್ತಿಗೆ ಅವರು ಪೂಜೆ ಮಾಡಲಿಲ್ಲ, ನಾನೂ ಮಾಡಿ ಎನ್ನಲಿಲ್ಲ. ಬರುವವರ ಕಾಲಿನ ದೂಳನ್ನು ಮಾತ್ರ ಇಬ್ಬರೂ ಹಣೆಗೆ ಹಚ್ಚಿಕೊಂಡೆವು.

ಬೀಜಿಯ ತಂಗಿಯ ಮನೆಯವರು 1984ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದರು. ಪಕ್ಕದ ಹಿಂದೂ ಮನೆಯವರು ಅವರನ್ನು ಮೂರು ದಿನ ಒಳಗಿಟ್ಟು ಕಾಪಾಡಿದ್ದರಂತೆ. ಸುಟ್ಟವರ ಬಗ್ಗೆ ಬೀಜಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಾಗಿಲು ತೆರೆದವರ ಬಗ್ಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಹಿಂದೂ ಸಿಖ್ ಒಂದೇ ಎಂದು ಸಭೆಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಸಿಖ್ಖರದು ಬೇರೆಯೇ ಆದ ಧರ್ಮ, ಬೇರೆ ಆಚಾರ, ಬೇರೆ ಗುರುಪರಂಪರೆ. ಅದನ್ನು ನಮ್ಮದರಲ್ಲಿ ಕರಗಿಸಿಕೊಳ್ಳಲು ಹೋಗದೆ, ಅದರ ಪಕ್ಕದಲ್ಲಿ ನಿಲ್ಲಬೇಕಾದ ಹೊತ್ತಿನಲ್ಲಿ ನಿಲ್ಲುವುದೇ ಗೌರವ ಎಂದು ನಾನು ಕಲಿತದ್ದು ಬೀಜಿಯಿಂದ.

ಮತ್ತೆ ನಾಮದೇವರ ಕಥೆಗೆ ಬರುತ್ತೇನೆ. ವಾರಕರಿಗಳ ಪ್ರಕಾರ ಅವರು ಪಂಢರಪುರಕ್ಕೆ ಮರಳಿದರು. ಅವರ ಶಿಷ್ಯ, ಮಹಾರ ಜಾತಿಯ ಚೋಖಾಮೇಳರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೂಲಿ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಅವರು ಸತ್ತರು. ಬಿಜ್ಜಳನ ಬಳಿ ಬಸವಣ್ಣನವರು ಕರಣಿಕರಾಗಿದ್ದ ಮಂಗಳವಾಡ ಇದೇ ಊರು. ನಾಮದೇವರು ಅಲ್ಲಿಗೆ ಹೋಗಿ, ಮಣ್ಣಿನಡಿ ಬಿದ್ದ ಎಲುಬುಗಳ ರಾಶಿಯಲ್ಲಿ ವಿಠಲ ನಾಮ ಕೇಳಿಬಂದ ಎಲುಬುಗಳನ್ನು ಆರಿಸಿಕೊಂಡು ಬಂದು, ಮಹಾದ್ವಾರದ ಎದುರಿಗೇ ಚೋಖಾಮೇಳರ ಸಮಾಧಿ ಕಟ್ಟಿಸಿದರು. ಒಳಗೆ ಹೋಗಲಾರದವನನ್ನು, ಒಳಗೆ ಹೋಗುವವರೆಲ್ಲ ನೋಡಿಯೇ ಹೋಗುವಂತೆ ಮಾಡಿದರು.

ತಮಗಾಗಿ ಅವರು ಕೇಳಿಕೊಂಡದ್ದು ಮೆಟ್ಟಿಲನ್ನು. ಸಂತರ, ಭಕ್ತರ ಪಾದದ ದೂಳು ತನ್ನ ಮೇಲೆ ಬೀಳಲಿ ಎಂಬ ಆಸೆಯಿಂದ, 1350ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರು ಮಹಾದ್ವಾರದಲ್ಲೇ ಸಮಾಧಿಯಾದರು. ಮನೆಯವರೂ, ಜನಾಬಾಯಿಯೂ ಜೊತೆಗೇ ಹೋದರೆಂದು ನಂಬಿಕೆ. ಪಂಜಾಬಿನವರ ನಂಬಿಕೆ ಬೇರೆ. ಅವರ ಪ್ರಕಾರ ನಾಮದೇವರು ಕೊನೆಯವರೆಗೆ ಘುಮಾನ್‌ನಲ್ಲೇ ಇದ್ದು ಅಲ್ಲೇ ದೇಹವಿಟ್ಟರು. ಅವರ ನೆನಪಿನ ಗುಡಿಯನ್ನು ಸರದಾರ ಜಸ್ಸಾ ಸಿಂಗ್ ರಾಮಗಢಿಯಾ ಕಟ್ಟಿಸಿದರು, ಕೆರೆಯನ್ನು ಮಹಾರಾಜ ರಣಜಿತ್ ಸಿಂಗರ ಅತ್ತೆ ಸದಾ ಕೌರ್ ಸರಿಪಡಿಸಿದರು ಎಂದು ಹೇಳುತ್ತಾರೆ. ಮಾಘದ ಆರಂಭದಲ್ಲಿ ಪ್ರತಿ ವರ್ಷ ಅಲ್ಲಿ ಜಾತ್ರೆ ಸೇರುತ್ತದೆ.

ಒಬ್ಬ ಮನುಷ್ಯನಿಗೆ ಎರಡು ಸಮಾಧಿ ಇದ್ದರೆ ಜಗಳವಾಗಬೇಕಿತ್ತು. ಪಂಜಾಬಿನ ನಾಮದೇವರೂ ಪಂಢರಿಯ ನಾಮದೇವರೂ ಒಬ್ಬರೇ ಹೌದೇ ಎಂದು ವಾದ ಮಾಡಿದ ವಿದ್ವಾಂಸರೂ ಇದ್ದಾರೆ. ಆದರೆ ಭಕ್ತರು ಆ ವಾದಕ್ಕೆ ಕಾಯಲಿಲ್ಲ. 2015ರ ಏಪ್ರಿಲ್‌ನಲ್ಲಿ 88ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಘುಮಾನ್‌ನಲ್ಲೇ. ಮಹಾರಾಷ್ಟ್ರದಿಂದ ರೈಲು ಹತ್ತಿ ಹೋದ ಮರಾಠಿಗರನ್ನು ಆ ಹಳ್ಳಿಯ ಜನ ನೆಂಟರಂತೆ ಬರಮಾಡಿಕೊಂಡರು. ತಮ್ಮ ಬಾಬಾನ ತವರಿನವರು ಬಂದಿದ್ದಾರೆಂಬ ಸಂಭ್ರಮ ಅವರದು.

ಗೆಳತಿಯರೇ, ನಾಮದೇವರ ಪದವೊಂದರಲ್ಲಿ ತುಂಬಿದ ಕೊಡ ಹೊತ್ತು ನಗುತ್ತ ಮಾತಾಡುತ್ತ ಬರುವ ಹೆಂಗಸರ ಚಿತ್ರವಿದೆ, ಮನೆಕೆಲಸದ ನಡುವೆ ತೊಟ್ಟಿಲ ಕೂಸಿನ ಮೇಲೆ ಗಮನವಿಟ್ಟ ತಾಯಿಯ ಚಿತ್ರವಿದೆ. ಕೈ ಕೆಲಸದಲ್ಲಿದ್ದರೂ ಮನಸ್ಸು ದೇವರಲ್ಲಿರುವುದು ಹೇಗೆಂದು ತೋರಿಸಲು ಅವರು ಆರಿಸಿಕೊಂಡ ಉದಾಹರಣೆಗಳಿವು. ಗೋಣಾಯಿ, ರಾಜಾಯಿ, ಜನಾಬಾಯಿಯರ ಮನೆಯಲ್ಲಿ ಬದುಕಿದ ಮನುಷ್ಯನಿಗೆ ಇವು ಪುಸ್ತಕದಿಂದ ಸಿಕ್ಕವಲ್ಲ ಎಂದು ನನಗನ್ನಿಸುತ್ತದೆ. ಆ ಪದ ಇಂದಿಗೂ ಗುರುದ್ವಾರಗಳಲ್ಲಿ ರಾಮಕಲಿ ರಾಗದಲ್ಲಿ ಕೇಳಿಬರುತ್ತದೆ. ನಿಮ್ಮ ಊರಿನಲ್ಲಿ ಗುರುದ್ವಾರವಿದ್ದರೆ ಒಂದು ಬೆಳಿಗ್ಗೆ ತಲೆಗೆ ಸೆರಗು ಹೊದ್ದು ಹೋಗಿ ಕೂತುಬನ್ನಿ. ಯಾರೂ ನಿಮ್ಮ ಜಾತಿ ಕೇಳುವುದಿಲ್ಲ. ಲಂಗರಿನಲ್ಲಿ ಊಟ ಮಾಡಿ, ಸಾಧ್ಯವಾದರೆ ನಾಲ್ಕು ತಟ್ಟೆ ತೊಳೆದು ಬನ್ನಿ. ಜನಾಬಾಯಿಗೆ ಅದೂ ಅಭಂಗವೇ ಆಗಿತ್ತು.